ವೈಫೈ ಪಾಸ್‌ವರ್ಡ್ ಕೊಟ್ಟರೆ ಮೂರು ವರ್ಷ ಜೈಲಾ? ಆ ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ತಿರುಚಿದ್ದೆಷ್ಟು

ಹಾಸನದಲ್ಲಿರುವ ನಮ್ಮ ದೊಡ್ಡಮ್ಮ ಒಂದು ದಿನ ಬೆಳಗ್ಗೆ ಆರೂವರೆಗೆ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ಅವರ ಫೋನ್ ಬಂತೆಂದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತಲೇ ಲೆಕ್ಕ. ಗಾಬರಿಯಿಂದ ಎತ್ತಿದರೆ, "ಪುಟ್ಟೀ, ಇದೇನೇ ಇದು, ವೈಫೈ ಕೊಟ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರಂತೆ? ನಾನಂತೂ ರಾತ್ರಿನೇ ಆ ಡಬ್ಬಿ ಆಫ್ ಮಾಡಿ ಮಲಗಿದ್ದೀನಿ" ಎಂದರು.

ದೊಡ್ಡಮ್ಮನ ಮನೆಯ ಮಹಡಿಯಲ್ಲಿ ಇಬ್ಬರು ಹುಡುಗಿಯರು ಬಾಡಿಗೆಗಿದ್ದಾರೆ. ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ, ಇನ್ನೊಬ್ಬಳು ಪಿಡಿಒ ಪರೀಕ್ಷೆಗೆ ತಯಾರಿ ಮಾಡಿಕೊಳ್ಳುತ್ತಿದ್ದಾಳೆ. ಕೆಳಗಿನ ಮನೆಯ ವೈಫೈನಲ್ಲೇ ಇಬ್ಬರ ಓದು. ಅವತ್ತು ಆ ಎರಡನೆಯವಳಿಗೆ ಬೆಳಗ್ಗೆಯೇ ಆನ್‌ಲೈನ್ ಮಾದರಿ ಪರೀಕ್ಷೆ ಇತ್ತು. ನೆಟ್ ಇಲ್ಲದೆ ಫೋನಿಗೆ ರೀಚಾರ್ಜ್ ಮಾಡಿಸಲು ಅಂಗಡಿ ತೆರೆಯುವವರೆಗೆ ಕಾದು, ಅರ್ಧ ಪರೀಕ್ಷೆ ತಪ್ಪಿಸಿಕೊಂಡಳಂತೆ. ಒಂದು ವಾಟ್ಸಾಪ್ ಫಾರ್ವರ್ಡ್ ಮಾಡಿದ ಕೆಲಸ ಇದು.

ಆ ಮೆಸೇಜ್ ನಿಮಗೂ ಬಂದಿರಬಹುದು. ಕೆಂಪು ದೀಪದ ಚಿತ್ರಗಳ ನಡುವೆ ಅದು ಹೇಳುವುದು ಇಷ್ಟು: ಮನೆಯ ವೈಫೈ ಪಾಸ್‌ವರ್ಡನ್ನು ಪಕ್ಕದ ಮನೆಯವರಿಗೆ, ಬಾಡಿಗೆಯವರಿಗೆ ಕೊಡುವುದು ಹೊಸ ಕಾನೂನಿನ ಪ್ರಕಾರ ಅಪರಾಧ, ಮೂರು ವರ್ಷ ಜೈಲು, ಅವರು ಏನೇ ತಪ್ಪು ಮಾಡಿದರೂ ಶಿಕ್ಷೆ ನಿಮಗೇ. ಪೂರ್ತಿ ಸುಳ್ಳಾಗಿದ್ದರೆ ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಇಲ್ಲಿ ಒಂದಿಷ್ಟು ನಿಜವೂ ಇದೆ, ಆದರೆ ಅದು ತಲೆಕೆಳಗಾಗಿದೆ.

ಮೂರು ವರ್ಷ ಎಲ್ಲಿಂದ ಬಂತು?

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ನೇ ಇಸವಿಯದು. ಅದರ 43ನೇ ಸೆಕ್ಷನ್, ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಒಳಗೆ ಹೋಗುವುದರ ಬಗ್ಗೆ ಹೇಳುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಶಿಕ್ಷೆ ಇರುವುದು ಕೇಳದೆ ನುಗ್ಗಿದವರಿಗೆ. ಕೇಳಿದವರಿಗೆ ಮನೆಯವರೇ ಪಾಸ್‌ವರ್ಡ್ ಕೊಟ್ಟರೆ ಅದು ಅನುಮತಿ. ಹಾಗೆ ಹಂಚಿಕೊಳ್ಳುವುದನ್ನೇ ಅಪರಾಧ ಎನ್ನುವ ಸೆಕ್ಷನ್ ಆ ಕಾಯ್ದೆಯಲ್ಲಿ ಇಲ್ಲ.

'ಹೊಸ ಕಾನೂನು' ಎನ್ನುವ ಮಾತಿಗೂ ಒಂದು ಮೂಲ ಇರಬಹುದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ, ಸರ್ಕಾರದ ಅನುಮತಿ ಪಡೆಯದೆ ದೂರಸಂಪರ್ಕ ಸೇವೆ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಎಂದಿದೆ. ಕದ್ದುಮುಚ್ಚಿ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುವಂಥವರಿಗೆ ಬೇಕಾದ ಕಾನೂನು ಅದು. ಹಬ್ಬಕ್ಕೆ ಬಂದ ನಾದಿನಿಯ ಮಗನಿಗೆ ಕ್ರಿಕೆಟ್ ನೋಡಲು ಪಾಸ್‌ವರ್ಡ್ ಹೇಳುವ ದೊಡ್ಡಮ್ಮಂದಿರಿಗಲ್ಲ.

ದೊಡ್ಡಮ್ಮನಿಗೆ ಇಷ್ಟು ಹೇಳಿ ಸಮಾಧಾನ ಮಾಡಿದೆ. ಆಗ ಅವರು ಮಾತಿಗೆ ಮಾತು ಬಂದು, "ನಾನೇನು ಪುಕ್ಕಟೆ ಕೊಡಲ್ಲಮ್ಮ, ಒಬ್ಬೊಬ್ಬರ ಹತ್ರ ತಿಂಗಳಿಗೆ ನೂರೈವತ್ತು ತಗೋತೀನಿ" ಎಂದರು. ನಾನು ಸುಮ್ಮನಾದೆ. ಅವರು ಹೆದರಬೇಕಿಲ್ಲದ ವಿಷಯಕ್ಕೆ ಹೆದರಿದ್ದರು. ಕೇಳಬೇಕಾದ ಪ್ರಶ್ನೆ ಈ ನೂರೈವತ್ತು ರೂಪಾಯಿಯದು.

ಕಾನೂನಿಗಿಂತ ಮೊದಲು ಒಂದು ಕರಾರು ಇದೆ

ನೆಟ್ ಕನೆಕ್ಷನ್ ಹಾಕಿಸುವಾಗ ಹುಡುಗ ಬಂದು ಟ್ಯಾಬ್‌ನಲ್ಲಿ ಬೆರಳಿನಿಂದ ಸಹಿ ಮಾಡಿಸಿಕೊಂಡು ಹೋಗುತ್ತಾನಲ್ಲ, ಆ ಸಹಿ ಒಂದು ಉದ್ದನೆಯ ಕರಾರಿಗೆ. ಅದರೊಳಗೆ 'ಆಕ್ಸೆಪ್ಟಬಲ್ ಯೂಸ್ ಪಾಲಿಸಿ' ಎಂಬ ಭಾಗ ಇರುತ್ತದೆ. ಈ ಸಂಪರ್ಕವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎನ್ನುವ ನಿಯಮಗಳು. ಕಂಪನಿಯಿಂದ ಕಂಪನಿಗೆ ಪದಗಳು ಬದಲಾದರೂ ತಿರುಳು ಹೆಚ್ಚುಕಡಿಮೆ ಒಂದೇ: ಕಾನೂನುಬಾಹಿರ ವಿಷಯ ಹಂಚಬಾರದು, ಬೇರೆಯವರ ಕಂಪ್ಯೂಟರಿಗೆ ನುಗ್ಗಬಾರದು, ರಾಶಿರಾಶಿ ಅನಗತ್ಯ ಇಮೇಲ್ ಕಳಿಸಬಾರದು, ಮನೆಯ ಕನೆಕ್ಷನ್ನನ್ನು ವ್ಯಾಪಾರಕ್ಕೆ ಬಳಸಬಾರದು, ಬೇರೆಯವರಿಗೆ ಮರುಮಾರಾಟ ಮಾಡಬಾರದು. ಕೊನೆಗೆ ಯಾರೂ ಓದದ ಆದರೆ ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಾಲು: ಈ ಸಂಪರ್ಕದ ಮೂಲಕ ಯಾರೇ ಏನೇ ಮಾಡಿದರೂ ಅದರ ಹೊಣೆ ಗ್ರಾಹಕರದ್ದು.

ನೂರೈವತ್ತು ರೂಪಾಯಿ ಮರುಮಾರಾಟವೇ? ಬಿಲ್ ಹಂಚಿಕೊಳ್ಳುವುದಷ್ಟೇ, ಲಾಭಕ್ಕಲ್ಲ ಎಂದು ದೊಡ್ಡಮ್ಮನ ವಾದ. ಕರಾರನ್ನು ಬಿಗಿಯಾಗಿ ಓದಿದರೆ ಕಂಪನಿ ಅದನ್ನು ಮರುಮಾರಾಟ ಎನ್ನಬಹುದು. ಹಾಗೆಂದ ಮಾತ್ರಕ್ಕೆ ಪೊಲೀಸರು ಬರುವುದಿಲ್ಲ. ಕಂಪನಿ ಎಚ್ಚರಿಕೆ ಕೊಡಬಹುದು, ಕನೆಕ್ಷನ್ ಕಿತ್ತುಹಾಕಬಹುದು. ಕರಾರು ಮುರಿದರೆ ಆಗುವುದು ಅಷ್ಟು. ಕಾನೂನು ಮುರಿಯುವುದು ಬೇರೆಯೇ ವಿಷಯ. ಫಾರ್ವರ್ಡ್ ಬರೆದವರು ಈ ಎರಡನ್ನೂ ಕಲಸಿಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಆ ದುಡ್ಡು ಬಿಟ್ಟುಬಿಡುವುದೇ ವಾಸಿ.

ವೈಫೈ ಮಾರಲೇಬೇಕು ಎನ್ನುವವರಿಗೆ ನೇರ ದಾರಿಯೂ ಇದೆ. ಕೇಂದ್ರ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿ, ಟೀ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ಸಾರ್ವಜನಿಕ ವೈಫೈ ಕೊಡಬಹುದು. ಅಂಥ ಅಂಗಡಿಗೆ ಯೋಜನೆಯಲ್ಲಿ 'ಪಬ್ಲಿಕ್ ಡೇಟಾ ಆಫೀಸ್', ಅಂದರೆ ಪಿಡಿಒ ಎಂದು ಹೆಸರು. ಮಹಡಿ ಮೇಲಿನ ಹುಡುಗಿ ಓದುತ್ತಿರುವುದು ಪಂಚಾಯಿತಿ ಪಿಡಿಒ ಆಗಲು ಎಂದು ನಾನು ಎರಡು ಸಲ ಬಿಡಿಸಿ ಹೇಳಿದ ಮೇಲೆ ದೊಡ್ಡಮ್ಮನ ಗೊಂದಲ ಹೋಯಿತು.

'ಒಪ್ಪಿದ್ದೇನೆ' ಎಂದು ಒತ್ತುವ ಮುನ್ನ

ಈ ನಿಯಮಗಳನ್ನು ಯಾರೂ ಓದುವುದಿಲ್ಲ ಎನ್ನುವುದು ಬರೀ ಊಹೆಯಲ್ಲ. 2017ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್‌ನ ಪರ್ಪಲ್ ಎಂಬ ವೈಫೈ ಕಂಪನಿ ಬೇಕೆಂದೇ ತನ್ನ ನಿಯಮಗಳಲ್ಲಿ ಒಂದು ಷರತ್ತು ಸೇರಿಸಿತು: ಉಚಿತ ವೈಫೈ ಬಳಸುವವರು 1,000 ಗಂಟೆ ಸಮಾಜಸೇವೆ ಮಾಡಬೇಕು. ಶೌಚಾಲಯ ತೊಳೆಯುವುದು, ಬೀದಿನಾಯಿಗಳನ್ನು ಅಪ್ಪಿಕೊಳ್ಳುವುದು, ಬಸವನಹುಳುವಿನ ಚಿಪ್ಪಿಗೆ ಬಣ್ಣ ಬಳಿಯುವುದು ಇತ್ಯಾದಿ. ಎರಡು ವಾರದಲ್ಲಿ 22,000 ಜನ ಒಪ್ಪಿಗೆ ಒತ್ತಿದರು. ಇದೇನು ಎಂದು ಕೇಳಿದವರು ಒಬ್ಬರೇ.

ಇಂಥ ನಿಯಮಗಳ ಹುಟ್ಟು ಇನ್ನೂ ಕುತೂಹಲದ್ದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1980ರ ದಶಕದಲ್ಲಿ ವಿಶ್ವವಿದ್ಯಾಲಯಗಳನ್ನು ಜೋಡಿಸಲು ಎನ್‌ಎಸ್‌ಎಫ್‌ನೆಟ್ ಎಂಬ ಜಾಲ ಕಟ್ಟಿತು. ದುಡ್ಡು ಜನರ ತೆರಿಗೆಯದು, ಹಾಗಾಗಿ ಬಳಕೆ ಓದು ಮತ್ತು ಸಂಶೋಧನೆಗೆ ಮಾತ್ರ, ವ್ಯಾಪಾರ ಕೂಡದು ಎಂದು ಅದರ ಬಳಕೆಯ ನಿಯಮ ಹೇಳುತ್ತಿತ್ತು. ಆ ಜಾಲದ ಮುಖ್ಯ ಸೇವೆ 1995ರ ಏಪ್ರಿಲ್ 30ಕ್ಕೆ ನಿಂತಿತು, ಇಂಟರ್ನೆಟ್ ಖಾಸಗಿ ಕಂಪನಿಗಳ ಕೈಗೆ ಹೋಯಿತು. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಆರಂಭಿಸಿತು. ಹಂಚಿಕೊಂಡ ವಸ್ತುವನ್ನು ಒಬ್ಬರೇ ಬಾಚಿಕೊಳ್ಳಬಾರದು ಎನ್ನುವ ಮೂಲ ಯೋಚನೆ ಇವತ್ತಿಗೂ ಉಳಿದಿದೆ. 'ಅನ್‌ಲಿಮಿಟೆಡ್' ಎಂದು ಜಾಹೀರಾತು ಕೊಡುವ ಮನೆ ಪ್ಲಾನ್‌ಗಳಲ್ಲೂ ತಿಂಗಳಿಗೆ 3,300 ಜಿಬಿಯಂಥ ಮಿತಿ ಇಟ್ಟು, ಅದು ದಾಟಿದರೆ ವೇಗ ಇಳಿಸುವ ಷರತ್ತು ಸಣ್ಣ ಅಕ್ಷರದಲ್ಲಿ ಇರುವುದು ಆ ಕಾರಣಕ್ಕೇ.

ಎಲ್ಲ ಕಂಪನಿಗಳ ಪಟ್ಟಿ ಒಂದೇ ರೀತಿ ಕಾಣಲು ಇನ್ನೊಂದು ಕಾರಣ 2021ರ ಐಟಿ ನಿಯಮಗಳು. ಯಾವ್ಯಾವ ವಿಷಯ ಹಂಚಬಾರದು ಎಂಬುದನ್ನು ಸೇವೆ ಕೊಡುವವರು ಬಳಕೆದಾರರಿಗೆ ತಿಳಿಸಬೇಕು, ಪಾಲಿಸದಿದ್ದರೆ ಸೇವೆ ನಿಲ್ಲಿಸಬಹುದು ಎಂದು ಆಗಾಗ ನೆನಪಿಸಬೇಕು ಎಂದು ಅದರಲ್ಲಿದೆ. ನಾವು ನೋಡದೆ ಅಳಿಸುವ ಆ ಮೇಲ್ ಇದೇ.

ಹೊರಗಿನವರಿಗೆ ಕಾಣುವುದು ಒಂದೇ ಮನೆ ನಂಬರ್

ಫಾರ್ವರ್ಡ್‌ನ ಎರಡನೇ ಮಾತಿಗೆ ಬರೋಣ. ಬೇರೆಯವರು ತಪ್ಪು ಮಾಡಿದರೆ ಶಿಕ್ಷೆ ನಿಮಗೇ ಆಗುತ್ತದೆಯೇ? ಶಿಕ್ಷೆ ತಪ್ಪು ಮಾಡಿದವರಿಗೆ. ಆದರೆ ಮೊದಲ ಪ್ರಶ್ನೆ ನಿಮಗೆ. ಯಾಕೆಂದು ತಿಳಿಯಲು ಆ ಡಬ್ಬಿ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನೋಡಬೇಕು.

ದೊಡ್ಡ ಒಟ್ಟು ಕುಟುಂಬದ ಮನೆ ಎಂದುಕೊಳ್ಳಿ. ಒಳಗೆ ಹದಿನೈದು ಜನ, ಹೊರಗೆ ಒಂದೇ ಡೋರ್ ನಂಬರ್. ಯಾರೇ ಕಾಗದ ಬರೆದರೂ ಮನೆಯ ಯಜಮಾನರೇ ಅಂಚೆಗೆ ಹಾಕುತ್ತಾರೆ, 'ಇಂದ' ವಿಳಾಸದಲ್ಲಿ ಡೋರ್ ನಂಬರ್ ಮಾತ್ರ ಬರೆಯುತ್ತಾರೆ. ಉತ್ತರ ಬಂದಾಗ ಯಾವುದು ಯಾರಿಗೆ ಎಂದು ಅವರೇ ನೆನಪಿಟ್ಟುಕೊಂಡು ಹಂಚುತ್ತಾರೆ. ನಿಮ್ಮ ರೂಟರ್ ಮಾಡುವುದು ಇದನ್ನೇ. ಮನೆಯ ಟಿವಿ, ನಿಮ್ಮ ಫೋನ್, ಮಹಡಿ ಮೇಲಿನ ಹುಡುಗಿಯ ಲ್ಯಾಪ್‌ಟಾಪ್, ಎಲ್ಲವೂ ಹೊರಗೆ ಹೋಗುವಾಗ ಒಂದೇ ಐಪಿ ವಿಳಾಸ ಹೊತ್ತು ಹೋಗುತ್ತವೆ. ಆ ವಿಳಾಸ ಅವತ್ತು ಯಾರಿಗೆ ಕೊಟ್ಟಿದ್ದು ಎಂದು ಕಂಪನಿಯನ್ನು ಕೇಳಿದರೆ ಸಿಗುವುದು ಬಿಲ್‌ನಲ್ಲಿರುವ ಹೆಸರು. ದೊಡ್ಡಮ್ಮನ ಹೆಸರು.

2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ವಾಹಿನಿಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ಐಪಿ ವಿಳಾಸ ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಫ್ಲಾಟಿಗೆ. ಅಲ್ಲಿದ್ದದ್ದು ಕೆಲಸಕ್ಕೆಂದು ಬಂದಿದ್ದ ಅಮೆರಿಕದ ಪ್ರಜೆ. ಅವರ ಕಂಪ್ಯೂಟರ್‌ಗಳನ್ನು ವಶಕ್ಕೆ ಪಡೆದರು, ದಿನಗಟ್ಟಲೆ ವಿಚಾರಣೆ ನಡೆಯಿತು. ಕೊನೆಗೆ ತಿಳಿದದ್ದು, ಅವರ ವೈಫೈಯನ್ನು ಹೊರಗಿನಿಂದ ಬೇರೆಯವರು ಬಳಸಿಕೊಂಡಿದ್ದರು ಎಂದು. ಆಗಸ್ಟ್‌ನಲ್ಲಿ ಮುಂಬೈನ ಮಾಟುಂಗಾದ ಕಾಲೇಜೊಂದರ ವೈಫೈನಿಂದ, ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ಹೊತ್ತಿಗೆ ಚೆಂಬೂರಿನ ಕಚೇರಿಯೊಂದರ ವೈಫೈನಿಂದ ಇಂಥವೇ ಇಮೇಲ್‌ಗಳು ಹೋದವು. ಮರುವರ್ಷ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಯ ಬಗ್ಗೆ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಇವತ್ತು ಕಾಫಿ ಅಂಗಡಿಯ ವೈಫೈ ನಿಮ್ಮ ಮೊಬೈಲ್ ನಂಬರ್ ಕೇಳಿ ಒಟಿಪಿ ಕಳಿಸುವುದರ ಹಿಂದೆ ಈ ಕಥೆ ಇದೆ.

ಇದು ಹಳೆಯ ಕಾಲದ ಮಾತು ಎನ್ನಬೇಡಿ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ವಿಡಿಯೊಗಳನ್ನು ಯಾರಾದರೂ ಇಂಟರ್ನೆಟ್‌ಗೆ ಹಾಕಿದರೆ ಸಾಮಾಜಿಕ ಜಾಲತಾಣದ ಕಂಪನಿಗಳು ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ವರದಿ ಮಾಡುತ್ತವೆ. 2019ರ ಏಪ್ರಿಲ್‌ನಲ್ಲಿ ಆದ ಒಪ್ಪಂದದ ಪ್ರಕಾರ ಭಾರತಕ್ಕೆ ಸಂಬಂಧಿಸಿದ ವರದಿಗಳು ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ಬಂದು, ಅಲ್ಲಿಂದ ರಾಜ್ಯಗಳ ಪೊಲೀಸರಿಗೆ ಹೋಗುತ್ತವೆ. ಐಟಿ ಕಾಯ್ದೆಯ 67ಬಿ ಸೆಕ್ಷನ್‌ನಲ್ಲಿ ಇದಕ್ಕೆ ಮೊದಲ ಸಲವೇ ಐದು ವರ್ಷದವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡ. ಹಾಕಿದ್ದು ವೈಫೈನಿಂದಾದರೆ ಪೊಲೀಸರಿಗೆ ಸಿಗುವ ಮೊದಲ ಸುಳಿವು ಆ ಕನೆಕ್ಷನ್ನಿನ ವಿಳಾಸ.

ಐಪಿ ವಿಳಾಸ ತಪ್ಪಾದರೆ?

ಇದನ್ನೂ ಹೇಳಲೇಬೇಕು, ಯಾಕೆಂದರೆ ಇದು ನಡೆದದ್ದು ನಮ್ಮ ಬೆಂಗಳೂರಿನವರಿಗೆ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಹೇಳನ ಮಾಡಿದ ಚಿತ್ರ ಹಾಕಿದ್ದಾರೆ ಎಂಬ ಆರೋಪ. ಅವರು ಹಾಕಿರಲೇ ಇಲ್ಲ. ಆ ಐಪಿ ವಿಳಾಸ ಯಾರದ್ದು ಎಂದು ಕೇಳಿದಾಗ ಇಂಟರ್ನೆಟ್ ಕಂಪನಿ ತಪ್ಪು ಗ್ರಾಹಕರ ಹೆಸರು ಕೊಟ್ಟಿತ್ತು. ಸತ್ಯ ಹೊರಬಂದು ಅವರು ಮನೆಗೆ ಮರಳುವಷ್ಟರಲ್ಲಿ ಐವತ್ತು ದಿನ ಜೈಲಿನಲ್ಲಿ ಕಳೆದಿದ್ದರು.

ಇಂಥ ತಪ್ಪಿಗೆ ಈಗ ಇನ್ನೊಂದು ದಾರಿಯೂ ಇದೆ. ಐಪಿ ವಿಳಾಸಗಳ ಕೊರತೆಯಿಂದಾಗಿ ಹಲವು ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ನೂರಾರು ಗ್ರಾಹಕರಿಗೆ ಹಂಚುತ್ತವೆ. ಒಂದು ಮನೆಯ ಬದಲು ಇಡೀ ಬೀದಿಗೇ ಒಂದೇ ಡೋರ್ ನಂಬರ್ ಇದ್ದಂತೆ. ಆಗ ಬರೀ ವಿಳಾಸ ಸಾಲದು. ಯಾವ ಪೋರ್ಟ್ ನಂಬರ್, ಯಾವ ದಿನ, ಯಾವ ಗಂಟೆ, ಯಾವ ಸೆಕೆಂಡ್ ಎಂಬುದೆಲ್ಲ ಬೇಕು. ವಿದೇಶಿ ಕಂಪನಿಗಳ ದಾಖಲೆಯಲ್ಲಿ ಸಮಯ ಹೆಚ್ಚಾಗಿ ಯುಟಿಸಿ ಲೆಕ್ಕದಲ್ಲಿರುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು ಕೂಡಿಸಲು ಮರೆತರೆ ಸಿಗುವುದು ಬೇರೊಬ್ಬರ ಮನೆ. ಹಾಗಾಗಿ ವಿಚಾರಣೆ ಎದುರಿಸಬೇಕಾಗಿ ಬಂದವರು ಕೇಳಬೇಕಾದದ್ದು 'ಐಪಿ ಯಾವುದು' ಎಂದಷ್ಟೇ ಅಲ್ಲ. ಯಾವ ಪೋರ್ಟ್, ಸಮಯ ಯಾವ ಲೆಕ್ಕದ್ದು ಎಂದೂ ವಕೀಲರ ಮೂಲಕ ಕೇಳಿಸಬೇಕು. 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತಿಗೆ ತಂದ ತಿದ್ದುಪಡಿಯಂತೆ ಕಂಪನಿಗಳು ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು.

ಫೋನ್ ಬಂದರೆ, ನೋಟಿಸ್ ಬಂದರೆ

ಈ ಫಾರ್ವರ್ಡ್ ಬಗ್ಗೆ ನನಗಿರುವ ದೊಡ್ಡ ಸಿಟ್ಟು ಇಲ್ಲಿದೆ. ವೈಫೈ ಕೊಟ್ಟಿದ್ದಕ್ಕೇ ಜೈಲು ಎಂದು ನಂಬಿದವರನ್ನು ದೋಚುವುದು ಬಲು ಸುಲಭ. 'ನಿಮ್ಮ ಇಂಟರ್ನೆಟ್‌ನಿಂದ ಅಶ್ಲೀಲ ವಿಡಿಯೊ ಹೋಗಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ' ಎಂದು ವಿಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡವನು ಹೇಳಿದರೆ ನಮ್ಮ ದೊಡ್ಡಮ್ಮ ಅವತ್ತಿನ ಮನಸ್ಥಿತಿಯಲ್ಲಿ ಖಂಡಿತ ನಂಬುತ್ತಿದ್ದರು. ಬ್ಯಾಂಕಿನಲ್ಲಿ ದೊಡ್ಡಪ್ಪನ ಪೆನ್ಷನ್ ದುಡ್ಡಿದೆ.

ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾವ ಪೊಲೀಸರೂ ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ, ತನಿಖೆಗೆಂದು ದುಡ್ಡು ವರ್ಗಾಯಿಸಿ ಎನ್ನುವುದಿಲ್ಲ. ಅಂಥ ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ನಿಜವಾದ ತನಿಖೆ ಬೇರೆ ಥರ ಇರುತ್ತದೆ. ಸಾಕ್ಷಿಯಾಗಿ ಮಾಹಿತಿ ಬೇಕಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಅಡಿ ಲಿಖಿತವಾಗಿ ಕರೆಯುತ್ತಾರೆ. ಮಹಿಳೆಯರನ್ನು, 60 ವರ್ಷ ದಾಟಿದವರನ್ನು ಹೀಗೆ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರು ಇರುವ ಮನೆಯಲ್ಲೇ ವಿಚಾರಿಸಬೇಕು. ದಾಖಲೆ ಅಥವಾ ವಸ್ತು ಬೇಕಿದ್ದರೆ 94ನೇ ಸೆಕ್ಷನ್ ಅಡಿ ಬರವಣಿಗೆಯಲ್ಲಿ ಕೇಳುತ್ತಾರೆ. ನೋಟಿಸ್‌ನ ಪ್ರತಿ ಇಟ್ಟುಕೊಳ್ಳಿ, ವಕೀಲರೊಬ್ಬರಿಗೆ ತೋರಿಸಿ. ರೂಟರನ್ನು ರಿಸೆಟ್ ಮಾಡುವುದು, ಫೋನ್ ಅಳಿಸುವುದು ಮಾತ್ರ ಬೇಡ. ತಪ್ಪು ಮಾಡದವರೂ ಗಾಬರಿಯಲ್ಲಿ ಹಾಗೆ ಮಾಡಿ ಅನುಮಾನಕ್ಕೆ ಗುರಿಯಾಗುತ್ತಾರೆ, ಜೊತೆಗೆ ತಮ್ಮ ಪರವಾಗಿದ್ದ ಸಾಕ್ಷ್ಯವನ್ನೂ ಕಳೆದುಕೊಳ್ಳುತ್ತಾರೆ.

ಜರ್ಮನಿಯಲ್ಲಿ ಓದುವ ನಮ್ಮೂರ ಹುಡುಗ ಹುಡುಗಿಯರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತದೆ. ಅಲ್ಲಿ ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿದರೆ ಹಕ್ಕುದಾರರ ವಕೀಲರಿಂದ ದುಡ್ಡು ಕೇಳುವ ಪತ್ರ ಬರುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2010ರ ಮೇ ತಿಂಗಳಲ್ಲಿ ಒಂದು ಹಾಡಿನ ಪ್ರಕರಣ ತೀರ್ಮಾನಿಸಿತು. ವೈಫೈ ಮಾಲೀಕರು ಆ ಹೊತ್ತಿನಲ್ಲಿ ರಜೆಗೆಂದು ಊರು ಬಿಟ್ಟಿದ್ದರು. ಆದರೂ ವೈಫೈಗೆ ಸರಿಯಾದ ಭದ್ರತೆ ಇಡದ್ದಕ್ಕೆ ಅವರಿಗೆ ಸೀಮಿತ ಹೊಣೆ ಇದೆ, ನಷ್ಟ ಪರಿಹಾರ ಮಾತ್ರ ಕೊಡಬೇಕಿಲ್ಲ ಎಂದಿತು. 2017ರಲ್ಲಿ ಕಾನೂನು ಬದಲಿಸಿ ವೈಫೈ ಹಂಚುವವರ ಈ ಹೊಣೆಯನ್ನು ಸಡಿಲಿಸಿದರು. ಒಂದೇ ಫ್ಲಾಟ್ ಹಂಚಿಕೊಂಡಿರುವವರು ಕನೆಕ್ಷನ್ ಯಾರ ಹೆಸರಲ್ಲಿ ಎಂದು ಕೇಳಿಕೊಳ್ಳುವುದು ಇವತ್ತಿಗೂ ಒಳ್ಳೆಯದು.

ಕೊಡುವುದಾದರೆ ಹೀಗೆ ಕೊಡಿ

ದೊಡ್ಡಮ್ಮನಿಗೆ ನಾನು ಹಂಚಬೇಡಿ ಎನ್ನಲಿಲ್ಲ. ಮೊದಲು ರೂಟರ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆವು. ಅದು ಕಂಪನಿ ಕೊಟ್ಟಾಗಿನಿಂದ 'ಅಡ್ಮಿನ್' ಎಂದೇ ಇತ್ತು, ಅಂದರೆ ವೈಫೈ ಸಿಕ್ಕ ಯಾರು ಬೇಕಾದರೂ ರೂಟರನ್ನೇ ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಬಹುದಿತ್ತು. ಭದ್ರತೆಯ ಆಯ್ಕೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಬೇಕು. ಒಂದು ಬಟನ್ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆಫ್ ಮಾಡಿದೆವು.

ಆಮೇಲೆ ಗೆಸ್ಟ್ ನೆಟ್‌ವರ್ಕ್. ಈಗಿನ ಬಹುತೇಕ ರೂಟರ್‌ಗಳಲ್ಲಿ ಇದೆ. ಬಾಡಿಗೆಯವರಿಗೆ, ನೆಂಟರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅವರ ಫೋನಿಗೆ ವೈರಸ್ ಬಂದರೂ ನಿಮ್ಮ ಕಂಪ್ಯೂಟರ್, ಸಿಸಿಟಿವಿ ತನಕ ಬರದಂತೆ ಅದು ತಡೆಯುತ್ತದೆ. ಆದರೆ ಗೆಸ್ಟ್ ನೆಟ್‌ವರ್ಕ್ ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿ. ಹೊರಗೆ ಹೋಗುವಾಗ ಅದಕ್ಕೂ ನಿಮ್ಮದೇ ಡೋರ್ ನಂಬರ್. ನಿಮ್ಮ ಸಾಮಾನನ್ನು ಕಾಯುತ್ತದೆ, ಹೆಸರನ್ನಲ್ಲ.

ಪಾಸ್‌ವರ್ಡ್ ಎಂಬುದು ಎಳ್ಳು ಬೆಲ್ಲದಂತೆ ಮನೆಯಿಂದ ಮನೆಗೆ ಹೋಗಿಬಿಡುತ್ತದೆ. ಈಗ ಫೋನ್‌ನಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ಸಾಕು. ವೈಫೈ ಪಾಸ್‌ವರ್ಡ್‌ಗಳನ್ನು ಊರಿಗೆಲ್ಲ ಹಂಚುವ ಆ್ಯಪ್‌ಗಳೂ ಇವೆ. ಒಬ್ಬ ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದಾಗಲೆಲ್ಲ ಗೆಸ್ಟ್ ಪಾಸ್‌ವರ್ಡ್ ಬದಲಿಸಿ, ಮನೆಯ ಬೀಗ ಬದಲಿಸುವಂತೆ. ರೂಟರ್‌ನ ಪಟ್ಟಿಯಲ್ಲಿ ಯಾವ್ಯಾವ ಸಾಧನ ಇದೆ ಎಂದು ನೋಡಬಹುದು, ಆದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನ್‌ಗಳು ತಮ್ಮ ನಿಜವಾದ ಗುರುತಿನ ಬದಲು ಮನಬಂದ ಗುರುತು ತೋರಿಸುವುದರಿಂದ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಯಾರು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದರು ಎಂದು ಬಾಡಿಗೆ ಕರಾರಿನಲ್ಲಿ, ಇಲ್ಲವೇ ಕ್ಯಾಲೆಂಡರ್ ಹಿಂದೆಯಾದರೂ ಬರೆದಿಟ್ಟುಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇರೆಯವರ ವೈಫೈ ಬಳಸುವಾಗ

ಅದೇ ಮಾತು ಇತ್ತ ಕಡೆಯಿಂದ. ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಕೊಡುವ ವೈಫೈ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರುವಾಗಿ ಈಗ ಸಾವಿರಾರು ನಿಲ್ದಾಣಗಳಲ್ಲಿದೆ. ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕಿ ಒಳಗೆ ಹೋಗಬೇಕು. ಪ್ಲಾಟ್‌ಫಾರ್ಮ್‌ನಲ್ಲಿ ಯಾರಾದರೂ 'ನನ್ನ ಸಿಮ್ ಕೆಲಸ ಮಾಡ್ತಿಲ್ಲ, ನಿಮ್ಮ ನಂಬರ್ ಹಾಕಿ ಒಟಿಪಿ ಹೇಳ್ತೀರಾ' ಎಂದು ಕೇಳಿದರೆ ಕನಿಕರಕ್ಕೆ ಒಪ್ಪಬೇಡಿ. ಆ ಅರ್ಧ ಗಂಟೆ ಅವರು ಏನು ಮಾಡಿದರೂ ದಾಖಲೆಯಲ್ಲಿ ಇರುವುದು ನಿಮ್ಮ ನಂಬರ್. ಅವರಿಗೆ ಫೋನ್ ಮಾಡಬೇಕಿದ್ದರೆ ನೀವೇ ಡಯಲ್ ಮಾಡಿ ಸ್ಪೀಕರ್‌ನಲ್ಲಿ ಹಾಕಿ ಕೊಡಿ.

ಇನ್ನು ಮಹಡಿ ಮೇಲಿನ ಹುಡುಗಿ ನನ್ನನ್ನು ಗುಟ್ಟಾಗಿ ಕೇಳಿದ ಪ್ರಶ್ನೆ: "ಅಕ್ಕಾ, ಆಂಟಿಗೆ ನನ್ನ ವಾಟ್ಸಾಪ್ ಎಲ್ಲಾ ಕಾಣುತ್ತಾ?" ಇಲ್ಲ. ವಾಟ್ಸಾಪ್ ಸಂದೇಶಗಳಿಗೆ 2016ರಿಂದ ಎರಡೂ ತುದಿಯಲ್ಲಿ ಬೀಗ ಇದೆ, ನಡುವಿನ ರೂಟರಿಗೆ ಓದಲಾಗದು. ಬ್ಯಾಂಕ್ ಆ್ಯಪ್‌ನ ಪಾಸ್‌ವರ್ಡೂ ಹಾಗೆಯೇ. ಆದರೆ ಯಾವ ವೆಬ್‌ಸೈಟಿಗೆ ಎಷ್ಟು ಹೊತ್ತಿಗೆ ಹೋದಿರಿ ಎನ್ನುವ ಮಟ್ಟಿಗೆ ವೈಫೈ ನಡೆಸುವವರಿಗೆ ತಿಳಿಯಬಹುದು. ಇನ್‌ಕಾಗ್ನಿಟೊ ಮೋಡ್ ಅದನ್ನು ಮುಚ್ಚುವುದಿಲ್ಲ, ನಿಮ್ಮ ಫೋನ್‌ನಲ್ಲಿ ಹೆಜ್ಜೆಗುರುತು ಉಳಿಯದಂತೆ ನೋಡಿಕೊಳ್ಳುತ್ತದೆ ಅಷ್ಟೆ.

ಆ ಫಾರ್ವರ್ಡ್ ಮತ್ತೆ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ಕಾಯ್ದೆ, ಯಾವ ಸೆಕ್ಷನ್? ನಮ್ಮ ಕುಟುಂಬದ ಗ್ರೂಪ್‌ನಲ್ಲಿ ನಾನು ಕೇಳಿದೆ. ಕಳಿಸಿದ ಮಾವ ಇನ್ನೂ ಹುಡುಕುತ್ತಿದ್ದಾರೆ.

ದೊಡ್ಡಮ್ಮ ಈಗ ನೂರೈವತ್ತು ತೆಗೆದುಕೊಳ್ಳುತ್ತಿಲ್ಲ. ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ, ಅವರದೇ ದುಂಡಗಿನ ಅಕ್ಷರದಲ್ಲಿ. ಪಾಸ್‌ವರ್ಡ್ ಸ್ನೇಹಿತರಿಗೆ ಕೊಡಬಾರದು. ಕಳ್ಳ ಸಿನಿಮಾ ಇಳಿಸಬಾರದು. ಕೆಟ್ಟದ್ದು ಯಾವುದೂ ಬೇಡ. ಖಾಲಿ ಮಾಡುವಾಗ ಹೇಳಬೇಕು. ಐದನೇ ಸಾಲಿನಲ್ಲಿ 'ರಾತ್ರಿ ಹತ್ತಕ್ಕೆ ಆಫ್' ಎಂದು ಬರೆದಿದ್ದರಂತೆ. ಪಿಡಿಒ ಹುಡುಗಿ ಕೆಳಗಿಳಿದು ಬಂದು ಟೆಸ್ಟ್‌ಗಳೆಲ್ಲ ರಾತ್ರಿಯೇ ಇರುವುದು ಎಂದು ಹೇಳಿದ ಮೇಲೆ ಹತ್ತನ್ನು ಹೊಡೆದುಹಾಕಿ ಹನ್ನೆರಡು ಮಾಡಿದ್ದಾರೆ.